ಮೊದಲನೆಯ ಕೊಳಗ

ನೀರಿನ ತಂಬಿಗೆ ತಂದು ಕೊಟ್ಟವಳನ್ನು ನಾನು ಸರಿಯಾಗಿ ನೋಡಲೂ ಇಲ್ಲ. ಪಡಸಾಲೆಯ ಕಂಬಳಿಯ ಮೇಲೆ ಕುಳಿತು, "ಮುಲ್ಕಿ ಪರೀಕ್ಷೆಗೆ ಕುಂದ್ರೂ ಹುಡುಗ ಎಲ್ಲೆ?" ಎಂದು ಕೇಳಿದೆ.

"ಹುಡುಗ ನೀರು ತಂದು ಕೊಟ್ಟಾನಲ್ರಿ. ಕುಡೀರಿ," ಎಂದಳು ಅವಳು.

ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅಜ್ಜಿ ದುರಗವ್ವ ಮೊರ ಕೆಳಗಿಟ್ಟು ನಕ್ಕಳು. "ಬಿ.ಎ. ಓದಿದವಗ ಹುಡುಗ ಯಾರು ಹುಡುಗಿ ಯಾರು ತಿಳೀವಲ್ದು. ಇಂವ ನಿನಗ ಏನು ಕಲಸ್ತಾನವಾ ಅನ್ನವ್ವಾ!"

ಮನೆಯ ಯಜಮಾನ ಗುದ್ಲೆಪ್ಪನವರು ನನಗೆ ಹೇಳಿದ್ದು ಇಷ್ಟೇ: "ನಮ್ಮ ಮನ್ಯಾಗ ಒಬ್ರು ಏಳನೇ ಇಯತ್ತೇದ ಮುಲ್ಕಿ ಕಟ್ಟ್ಯಾರ. ಗಣಿತದಾಗ ಮೂರು ಮಾರ್ಕಿಗೆ ಹ್ವಾದ ವರ್ಷ ಹೋತು. ಇದೊಂದು ಸಲ ನೋಡೂನು." ಆ ಒಬ್ಬರು ಅವರ ಮಗಳು, ಇಪ್ಪತ್ತು ವರ್ಷದವಳು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅದು ಐವತ್ತೆಂಟನೆಯ ಇಸವಿಯ ಜನವರಿ. ಧಾರವಾಡದಲ್ಲಿ ಓದು ಮುಗಿಸಿ, ನೌಕರಿಯ ಅರ್ಜಿಗಳಿಗೆ ಉತ್ತರ ಕಾಯುತ್ತ, ಹತ್ತಿಮತ್ತೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಮಾತು ಕಡಿಮೆಯ ಮನುಷ್ಯ ನಾನು. ಊರಿನವರು ಅದನ್ನು ವಿದ್ವತ್ತು ಎಂದುಕೊಂಡಿದ್ದರು.

ಅನ್ನವ್ವ ಪಾಟಿ ತಂದು ಎದುರು ಕುಳಿತಳು. ಏಳನೆಯ ಇಯತ್ತೆಯ ಪುಸ್ತಕ ತೆರೆದು ಭಿನ್ನರಾಶಿಯ ಮೊದಲ ಲೆಕ್ಕ ಓದಿದೆ. "ಒಬ್ಬ ರೈತನು ತನ್ನ ಜೋಳದ ರಾಶಿಯ ಮೂರನೆಯ ಒಂದು ಭಾಗವನ್ನು ಮಾರಿದನು. ಉಳಿದುದರ ನಾಲ್ಕನೆಯ ಒಂದು ಭಾಗವನ್ನು ಬೀಜಕ್ಕೆ ಇಟ್ಟನು. ಈಗ ಅವನಲ್ಲಿ ಮೂವತ್ತು ಚೀಲ ಉಳಿದವು. ರಾಶಿ ಎಷ್ಟಿತ್ತು?"

ಅವಳು ಬರೆಯಲಿಲ್ಲ. ಕಣ್ಣು ಮೇಲಿನ ತೊಲೆಗೆ ಹೋಯಿತು. ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ನಡೆಯಿತು. ಆಮೇಲೆ ತೊಲೆಯಿಂದ ಇಳಿದ ಕಣ್ಣು ಪಾಟಿಗೆ ಹೋಗುವ ಮೊದಲು ನನ್ನ ಮುಖದ ಮೇಲೆ ಒಂದು ಗಳಿಗೆ ನಿಂತಿತು.

"ಅರವತ್ನಾಕ್ರಿ."

"ಅರವತ್ತು," ಎಂದೆ.

"ಅರವತ್ನಾಕು."

"ಪುಸ್ತಕದ ಹಿಂದ ಅರವತ್ತು ಅಂತ ಐತ್ರಿ, ಅನ್ನವ್ವಾರ."

"ಶಿಷ್ಯಾಗ ರೀ ಹಚ್ಚಿ ಮಾತಾಡೂ ಮಾಸ್ತರನ್ನ ಇವತ್ತ ನೋಡಿದೆ," ಎಂದಳು ಅಜ್ಜಿ.

ಬಟ್ಟೆಯ ಥಾನನ್ನು ಕತ್ತರಿಸುವ ಲೆಕ್ಕ ಕೊಟ್ಟೆ, ಸರಿ ಮಾಡಿದಳು. ಪ್ರವಾಸಿ ನಡೆದ ದಾರಿ, ತೊಟ್ಟಿಗೆ ನೀರು ತುಂಬುವ ನಳ, ಎಲ್ಲ ಸರಿ. ಮತ್ತೆ ರಾಶಿಯ ಲೆಕ್ಕ ಬಂತು. ತೊಂಬತ್ತು ಬರಬೇಕಾದಲ್ಲಿ ತೊಂಬತ್ತಾರು ಎಂದಳು. ಎಲ್ಲಿ ತಪ್ಪಿತು ಎಂದು ಕೇಳಿದರೆ, "ತಪ್ಪಿಲ್ರಿ," ಎನ್ನುತ್ತಿದ್ದಳು. ಅಷ್ಟೇ. ವಾದವಿಲ್ಲ, ಸಿಟ್ಟಿಲ್ಲ.

ಆರು ವಾರ ಹೀಗೇ ನಡೆಯಿತು. ಹೊಲದಿಂದ ಬಂದು ಕೈಕಾಲು ತೊಳೆದು ಅವಳು ಕೂರುವ ಹೊತ್ತಿಗೆ ನಾನು ಅಲ್ಲಿರುತ್ತಿದ್ದೆ. ಲೆಕ್ಕ ಓದಿದ ಮೇಲೆ ಬರುವ ಅವಳ ಆ ಮೌನಕ್ಕಾಗಿಯೇ ಹೋಗುತ್ತಿದ್ದೆನೇನೋ. ಅದರಲ್ಲಿ ಅವಳು ಏನನ್ನು ಎಣಿಸುತ್ತಾಳೆಂದು ನನಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಕಣ್ಣು ಒಂದು ಸಲ ನನ್ನ ಮೇಲೆ ನಿಲ್ಲುತ್ತದೆ ಎಂಬುದು ಮಾತ್ರ ಗೊತ್ತಿತ್ತು.

"ಪಾಸಾದ್ರ ಏನು ಮಾಡ್ತೀರಿ?" ಎಂದು ಒಮ್ಮೆ ಕೇಳಿದೆ.

"ಧಾರವಾಡಕ್ಕ ಟ್ರೇನಿಂಗಿಗೆ ಹೋಗ್ತೇನಿ. ಎರಡು ವರ್ಷ. ಆಮ್ಯಾಲ ಸಾಲಿ ಬಾಯಾರು ಆಗಿ ಹುಡುಗೂರಿಗೆ ಕಲಸ್ತೇನಿ." ಪೆನ್ಸಿಲ್ಲಿನ ತುದಿಯನ್ನು ನೆಲಕ್ಕೆ ಉಜ್ಜಿ ಚೂಪು ಮಾಡಿದಳು. "ಫೇಲಾದ್ರ ಇಲ್ಲೇ ಇರ್ತೇನಿ. ಅಪ್ಪ ಇನ್ನೊಮ್ಮೆ ಫೀ ಕಟ್ಟೂದಿಲ್ಲ."

ಮಾರ್ಚಿನಲ್ಲಿ ಗುದ್ಲೆಪ್ಪನವರು ಕಣಕ್ಕೆ ಕರೆದರು. "ರಾಶಿ ಅಳಿತೇವಿ, ಬರ್ರಿ ಮಾಸ್ತರ."

ಕಣದ ಹೊರಗೆ ಚಪ್ಪಲಿ ಬಿಟ್ಟು ನಿಂತೆ. ಬಿಳಿಜೋಳದ ರಾಶಿಗೆ ಗುದ್ಲೆಪ್ಪನವರು ಕೈಮುಗಿದರು. ಅಲ್ಲಿಂದ ಮುಂದೆ ಯಾರೂ ಮಾತಾಡಲಿಲ್ಲ, ಅಳೆಯುವಾಗ ಮಾತಾಡಬಾರದು. ಅವರು ಅಳತೆಯ ಕೊಳಗ ತುಂಬಿ ಸುರಿದರು, ಅನ್ನವ್ವ ಚೀಲದ ಬಾಯಿ ಹಿಡಿದಳು.

ಆದರೆ ಮೊದಲನೆಯ ಕೊಳಗ ಚೀಲಕ್ಕೆ ಬೀಳಲಿಲ್ಲ. ಪಕ್ಕದಲ್ಲಿ ಹಾಸಿದ ಗೋಣಿತಟ್ಟಿನ ಮೇಲೆ ಬಿತ್ತು. ಆಮೇಲೆ ಹದಿನೈದು ಕೊಳಗ ಚೀಲಕ್ಕೆ. ಮತ್ತೆ ಒಂದು ತಟ್ಟಿಗೆ, ಹದಿನೈದು ಚೀಲಕ್ಕೆ. ಅವಳ ಹೆಬ್ಬೆರಳು ಗೆಣ್ಣುಗಳ ಮೇಲೆ ನಡೆಯುತ್ತಿತ್ತು. ಚೀಲಕ್ಕೆ ಬಿದ್ದದ್ದನ್ನಷ್ಟೇ ಅವಳು ಎಣಿಸುತ್ತಿದ್ದಳು.

"ಆ ತಟ್ಟಿನ ಮ್ಯಾಲಿಂದು ಯಾರದು?" ಎಂದು ಎಲ್ಲ ಮುಗಿದ ಮೇಲೆ ಅಜ್ಜಿಯನ್ನು ಕೇಳಿದೆ.

"ಆಯ, ತಮ್ಮಾ. ಕಂಬಾರಂದು, ಬಡಿಗ್ಯಾಂದು, ವರ್ಷಾನಗಟ್ಟಲೆ ನಮಗ ದುಡದವರದು. ನಮ್ಮ ಕಣದಾಗ ಹದಿನಾರಕ್ಕ ಒಂದು. ಅದನ್ನ ತಗದ ಮ್ಯಾಲ ಉಳದದ್ದು ನಮ್ಮದು."

ಮನೆಗೆ ಬಂದು ಹಾಳೆ ತೆಗೆದೆ. ಅರವತ್ನಾಲ್ಕರಲ್ಲಿ ಹದಿನಾರಕ್ಕೆ ಒಂದರಂತೆ ನಾಲ್ಕು ತೆಗೆದರೆ ಅರವತ್ತು. ತೊಂಬತ್ತಾರರಲ್ಲಿ ಆರು ತೆಗೆದರೆ ತೊಂಬತ್ತು. ಅವಳು ಒಂದು ಲೆಕ್ಕವನ್ನೂ ತಪ್ಪಿರಲಿಲ್ಲ. ಪುಸ್ತಕದ ಪ್ರತಿಯೊಂದು ರಾಶಿಯಿಂದಲೂ ಕಂಬಾರನ ಪಾಲು ತೆಗೆದಿಡುತ್ತಿದ್ದಳು.

ಒಂದು ಮಾತು ಹೇಳಿದರೆ ಸಾಕಿತ್ತು. ಮೂರಲ್ಲ, ಹತ್ತು ಮಾರ್ಕು ಬರುತ್ತಿದ್ದವು. ಧಾರವಾಡದ ಬಸ್ಸು ಅವಳನ್ನು ಒಯ್ಯುತ್ತಿತ್ತು.

ಮರುದಿನ ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ನನ್ನ ಮೌನವನ್ನು ನಾನು ಯಾವಾಗಲೂ ಒಳ್ಳೆಯದೆಂದೇ ತಿಳಿದಿದ್ದೆ. ಆ ಎರಡು ದಿನ ಅದು ಕದ್ದ ವಸ್ತುವಿನಂತೆ ಎದೆಯಲ್ಲಿ ಕುಳಿತಿತ್ತು.

ಮೂರನೆಯ ದಿನ ಅವಳು ಪಾಟಿ ಮುಂದಿಡುವ ಮೊದಲೇ ಅಂದೆ, "ಪುಸ್ತಕದಾಗಿನ ರಾಶಿಯಿಂದ ಆಯ ತಗೀಬ್ಯಾಡ್ರಿ."

ಅವಳು ಬೆರಗಾಗಿ ನೋಡಿದಳು. "ಮತ್ತ ಕಂಬಾರಗ ಏನು ಕೊಡೂದ್ರಿ?"

"ಪುಸ್ತಕದಾಗ ಕಂಬಾರ ಇಲ್ರಿ."

"ಬಡಿಗ್ಯಾ?"

"ಅವನೂ ಇಲ್ಲ. ಆ ರೈತ ಒಬ್ನ ಇರ್ತಾನ."

"ಪಾಪ," ಎಂದಳು. ನಿಜವಾಗಿಯೂ ಮರುಗಿದಳು. "ಅವನ ನೇಗಿಲ ಕುಡ ಮುರದ್ರ ಯಾರು ತಟ್ಟಿ ಕೊಡ್ತಾರೋ."

ನಾನು ನಕ್ಕೆ. ಅವಳು ನಗಲಿಲ್ಲ. ಕಣ್ಣು ತೊಲೆಗೆ ಹೋಗದೆ ನೇರ ನನ್ನ ಮೇಲೆ ಬಂದು ನಿಂತಿತು.

"ಇದು ನಿಮಗ ಕಣದಾಗ ತಿಳೀತು. ಹೌದಿಲ್ರಿ?"

"ಹೌದು."

"ಕಣ ಆಗಿ ಮೂರು ದಿನ ಆತು."

ಅವಳು ಪಾಟಿಯನ್ನು ಒರೆಸತೊಡಗಿದಳು. ಅದರ ಮೇಲೆ ಏನೂ ಬರೆದಿರಲಿಲ್ಲ. ಅವಳ ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು.

"ಮುಂದಿನ ಲೆಕ್ಕ ಹೇಳ್ರಿ," ಎಂದಳು ಮೆಲ್ಲಗೆ.

ಏಪ್ರಿಲ್ಲಿನಲ್ಲಿ ಪರೀಕ್ಷೆ ಸವಣೂರಿನಲ್ಲಿ ನಡೆಯಿತು. ಬಾಬಾಜಾನನ ಟಾಂಗಾದಲ್ಲಿ ಅಜ್ಜಿ, ಅವಳು, ನಾನು ಹೋದೆವು. ಹತ್ತು ಜನ ಕೈ ಕೈ ಹಿಡಿದರೂ ತಬ್ಬಲಾಗದ ದೊಡ್ಡಹುಣಸೆ ಮರದ ಕೆಳಗೆ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಕುಳಿತಳು. ನಾನು ಮರದ ಸುತ್ತ ತಿರುಗುತ್ತಿದ್ದೆ.

"ಕುಂದ್ರೋ ತಮ್ಮಾ. ಕಣದಾಗ ಹಂತಿ ಎತ್ತು ಸುತ್ತಿಧಂಗ ಸುತ್ತಾಕತ್ತೀ."

ಅನ್ನವ್ವ ಬಂದಳು. ಬೆರಳಿಗೆಲ್ಲ ಮಸಿ.

"ರಾಶಿ ಲೆಕ್ಕ ಬಂತೇನ್ರಿ?"

"ಎರಡು ಬಂದ್ವು."

"ಕಂಬಾರಗ ಕೊಟ್ರೇನು?"

"ಇಲ್ರಿ." ನೆಲ ನೋಡಿ, ಆಮೇಲೆ ನನ್ನನ್ನು ನೋಡಿ ನಕ್ಕಳು. "ಕೊಡದ ಬರಿಯೂ ಮುಂದ ಮನಸಿನ್ಯಾಗ ಅವಗ ಕೈ ಮುಗದೇನ್ರಿ."

ಜೂನಿನಲ್ಲಿ ಫಲಿತಾಂಶ ಬಂತು. ಗಣಿತದಲ್ಲಿ ನೂರಕ್ಕೆ ಎಂಬತ್ತೊಂದು. ಅಜ್ಜಿ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಸಕ್ಕರೆ ತಿಂದು, ಅಕ್ಕನ ಮನೆಯ ಹಿತ್ತಲಲ್ಲಿ ಸುಮ್ಮನೆ ಕುಳಿತೆ.

ಹೊರಡುವ ದಿನ ಬಸ್ಸಿನ ಹತ್ತಿರ ಗುದ್ಲೆಪ್ಪನವರು ಟ್ರಂಕು ಹೊತ್ತು ಏಣಿ ಹತ್ತುತ್ತಿದ್ದರು. ಅನ್ನವ್ವ ಒಳಗೆ ಕುಳಿತು ಕಿಟಕಿಯಿಂದ ಪಾಟಿ ಚಾಚಿದಳು. "ಮಾಸ್ತರ, ಈ ಲೆಕ್ಕ ಬಿಡಸಿಕೊಡ್ರಿ."

ಅವಳ ಗುಂಡು ಅಕ್ಷರಗಳಲ್ಲಿ ಬರೆದಿತ್ತು: ಒಬ್ಬ ಹೆಣ್ಣುಮಗಳು ಎರಡು ವರ್ಷಕ್ಕೆ ಧಾರವಾಡಕ್ಕೆ ಹೋದಳು. ಆ ಕಾಲದ ಆರನೆಯ ಐದು ಭಾಗ ಓದಿಗೆ ಕೊಟ್ಟಳು. ಉಳಿದುದರ ಅರ್ಧ ಅಪ್ಪನಿಗೆ. ಉಳಿದ ಅರ್ಧ ಅಜ್ಜಿಗೆ. ಮಾಸ್ತರಿಗೆ ಎಷ್ಟು?

ಇಪ್ಪತ್ನಾಲ್ಕು ತಿಂಗಳು. ಓದಿಗೆ ಇಪ್ಪತ್ತು. ಅಪ್ಪನಿಗೆ ಎರಡು. ಅಜ್ಜಿಗೆ ಎರಡು. ಮತ್ತೊಮ್ಮೆ ಮಾಡಿದೆ.

"ಏನೂ ಉಳೀಲಿಲ್ರಿ," ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ತಪ್ಪು."

"ಮತ್ತ ಮತ್ತ ಮಾಡಿ ನೋಡಿದೆ. ತಪ್ಪಿಲ್ಲ."

"ಅರವತ್ನಾಕು ಅಂದಾಗ ನಾನೂ ಹಂಗ ಅಂತಿದ್ದೆ." ಕಿಟಕಿಯ ಸರಳಿಗೆ ಹಣೆ ತಾಗಿಸಿ, ನನಗಷ್ಟೇ ಕೇಳುವಂತೆ ಹೇಳಿದಳು. "ಮೊದಲ್ನೇ ಕೊಳಗ ಚೀಲದ ಲೆಕ್ಕಕ್ಕ ಬರತೈತೇನ್ರಿ? ನಿಮ್ಮದನ್ನ ಮೊದಲ ತಗದಿಟ್ಟೇನಿ. ಉಳದದ್ದನ್ನ ಎಲ್ಲಾರಿಗೂ ಹಂಚೇನಿ."

ಬಸ್ಸಿನ ಎಂಜಿನ್ನು ಗುಡುಗಿತು. ಮೌನ ಸಾಕೆನಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

"ಎರಡು ವರ್ಷ ಆದ ಮ್ಯಾಲ," ಎಂದೆ, "ನಿಮ್ಮ ಅಪ್ಪಾರ ಕೂಡ ಮಾತಾಡ್ತೇನಿ."

"ಎರಡು ವರ್ಷ ಯಾಕ್ರಿ? ಮೂರು ದಿನ ಹಿಡಕೊಂಡಿದ್ದು ಸಾಲಲಿಲ್ಲೇನು?"

ಹಿಂದಿನಿಂದ ಅಜ್ಜಿ ನನ್ನ ಬೆನ್ನಿಗೆ ಮೊಳಕೈ ತಿವಿದಳು. "ಗುದ್ಲೆಪ್ಪ ಇಲ್ಲೇ ಅದಾನಲ್ಲೋ ತಮ್ಮಾ. ಈಗೇನು ಯಾರೂ ರಾಶಿ ಅಳ್ಯಾಕತ್ತಿಲ್ಲ. ಮಾತಾಡು!"

ಗುದ್ಲೆಪ್ಪನವರು ಟ್ರಂಕು ಕಟ್ಟಿ ಏಣಿ ಇಳಿಯುತ್ತಿದ್ದರು. ನಾನು ಪಾಟಿಯನ್ನು ಕಂಕುಳಲ್ಲಿ ಅವಚಿಕೊಂಡು ಅತ್ತ ನಡೆದೆ. ಕಿಟಕಿಯ ಎರಡು ಕಣ್ಣು ನನ್ನ ಬೆನ್ನ ಮೇಲಿದ್ದವು. ಅವರ ಕಾಲು ನೆಲಕ್ಕೆ ತಾಗುವ ಮೊದಲೇ ನಾನು ಬಾಯಿ ತೆರೆದಿದ್ದೆ.