ಹದಿನಾಲ್ಕರಲ್ಲಿ ಉಳಿದ ಮೂರು

ಬಾಗಿಲು ತೆರೆದ ಪ್ರಾಚಿಯ ಕೈ ಚಿಲಕದ ಮೇಲೆಯೇ ನಿಂತುಬಿಟ್ಟಿತು.

ಸೌರಭ! ಎಂಟು ತಿಂಗಳ ನಂತರ...

ಚಾದರದಲ್ಲಿ ಸುತ್ತಿದ ಸಿಪಿಯು ಎದೆಗವಚಿಕೊಂಡು, ಕೊರಳಿಗೆ ನೀಲಿ ಕೇಬಲ್ ಹಾಕಿಕೊಂಡು ನಿಂತಿದ್ದ. ರಾಯಾಪುರದಿಂದ ಧಾರವಾಡದವರೆಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದ.

"ಯಾಕ ಬಂದ್ರಿ?"

ಮೊದಲು 'ನೀ' ಎನ್ನುತ್ತಿದ್ದವಳು! ಅವನು ಸಿಪಿಯು ಹೊಸ್ತಿಲ ಬಳಿ ಇಳಿಸಿದ.

"ಡಿಸ್ಕ್ ರಿಪೇರಿ ಆತು. ಕಮರಿಪೇಟಿ ರಿಪೇರಿ ಅಂಗಡಿ ಶರೀಫಸಾಬ ಇಷ್ಟು ದಿನ ತಗೊಂಡ. ಹದಿನಾಲ್ಕರಾಗ ಮೂರು ಫೈಲ್ ಸಿಕ್ಕಾವ."

ಅವ್ವನ ದನಿ... ಮೂರಾದರೂ!

ಅವ್ವ ಅಂಬಾಬಾಯಿ ಕೊನೆಯ ಮಳೆಗಾಲದಲ್ಲಿ ಹಾಡಿದ್ದನ್ನೆಲ್ಲ ಪ್ರಾಚಿಯ ಕಂಪ್ಯೂಟರಿನಲ್ಲಿ ಹಿಡಿದಿಟ್ಟವನು ಗೆಳೆಯ ಸೌರಭನೇ. ಅವ್ವ ತೀರಿಕೊಂಡ ತಿಂಗಳಿಗೆ ಆ ಕಂಪ್ಯೂಟರ್ ಪದೇ ಪದೇ ನಿಲ್ಲತೊಡಗಿತು. ಇನ್ನೊಂದು ಪ್ರತಿ ಇರಲಿ ಎಂದು ಅವನು ತನ್ನದನ್ನು ಹೊತ್ತು ತಂದು, ಎರಡರ ನಡುವೆ ಕೇಬಲ್ ಎಳೆದ. ಫೈಲುಗಳೆಲ್ಲ ಅತ್ತ ದಾಟಿದವು. ಅಷ್ಟರಲ್ಲಿ ಕರೆಂಟ್ ಹೋಗಿ ದಡಕ್ಕನೆ ಬಂತು. ಅವನ ಹಾರ್ಡ್ ಡಿಸ್ಕ್ ಕೆಟ್ಟಿತು. ಇತ್ತ ಪ್ರಾಚಿಯ ಫೋಲ್ಡರ್ ನೋಡಿದರೆ... ಖಾಲಿ! ಕಾಪಿ ಆಗಬೇಕಿದ್ದದ್ದು ಕಟ್ ಆಗಿತ್ತು.

"ನಂದ ತಪ್ಪು ಕಾಕಾ," ಎಂದು ಅವನು ಅಪ್ಪ ರಮಾಕಾಂತರ ಮುಂದೆ ತಲೆ ತಗ್ಗಿಸಿದ್ದ.

"ಅವ್ವನ್ನ ಇನ್ನೊಮ್ಮೆ ಸಾಯಿಸಿದ್ಯಲ್ಲೋ!" ಎಂದು ಪ್ರಾಚಿ ಕೂಗಿದ್ದಳು.

ಅವತ್ತು ಇಬ್ಬರೂ ಕೀಬೋರ್ಡ್ ಮುಟ್ಟಿದ್ದರು. ಅವನೇ ಒಪ್ಪಿಕೊಂಡ ಮೇಲೆ ಕೇಳುವುದೇನಿತ್ತು?

ಪ್ರಾಚಿ ದಾರಿ ಬಿಟ್ಟಳು. ಈಗ ಮತ್ತೆ ಎರಡೂ ಕಂಪ್ಯೂಟರಿಗೆ ಕೇಬಲ್ಲಿನ ಎರಡೂ ತುದಿ ಕಟಕ್ಕೆಂದು ಕೂತವು.

"ನೀನ ತಗೋ. ನಾ ಮುಟ್ಟೂದಿಲ್ಲ," ಎಂದ ಸೌರಭ.

ಪ್ರಾಚಿ ತನ್ನ ಪರದೆಯ ಮೇಲೆ ಅವನ ಕಂಪ್ಯೂಟರಿನ ಮೂರೂ ಫೈಲುಗಳನ್ನು ಆರಿಸಿದಳು. ಕಣ್ಣು ಮಂಜಾಗಿತ್ತು. ಬೆರಳು ತನ್ನಷ್ಟಕ್ಕೆ ಕೀ ಒತ್ತಿತು.

ಮೂರೂ ಮಸುಕಾದವು.

"ತಡಿ!" ಅವನು ಅವಳ ಕೈ ಹಿಡಿದ. "ಎಕ್ಸ್ ಒತ್ತಿದಿ... ಅದು ಕಟ್. ಕಾಪಿ ಮಾಡ್ಲಿಕ್ಕೆ ಬಾಜೂಕಿನ ಸಿ ಒತ್ತಬೇಕು. ನೀ ಯಾವಾಗ್ಲೂ ಹಿಂಗ..."

ತಟ್ಟನೆ ಬಾಯಿ ಮುಚ್ಚಿದ. ತಡವಾಗಿತ್ತು.

ಯಾವಾಗಲೂ!

"ಅವತ್ತೂ... ನಾನ ಒತ್ತಿದ್ನೇನು?"

ಅವನು ಕೇಬಲ್ ನೋಡುತ್ತ ಕುಳಿತ.

"ಸೌರಭ, ಹೇಳು!"

"ಹೂಂ. ಖಾಲಿ ಫೋಲ್ಡರ್ ನೋಡಿದಾಗ ನನಗ ತಿಳೀತು."

"ಮತ್ತ್ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ?"

"ಅವ್ವ ಹೋಗಿ ತಿಂಗಳಾಗಿತ್ತು. ಅದರ ಮ್ಯಾಲ ಇದೂ ನಿನ್ನ ತಪ್ಪಂದ್ರ ನೀ ಉಳೀತಿದ್ದಿಲ್ಲ. ನನ್ನ ಮ್ಯಾಲ ಸಿಟ್ಟಿದ್ರ... ಊಟನಾದ್ರೂ ಮಾಡ್ತಿ ಅನಸ್ತು."

"ಹುಚ್ಚ ಇದ್ದೀಯೇನು!" ಅವಳು ಬಿಕ್ಕಿದಳು. "ಎಂಟು ತಿಂಗಳು ನಿನ್ನ ಬೈಕೋತ ಉಂಡೀನಲ್ಲೋ..."

ಒಳಗೆ ಅಪ್ಪ ಕೆಮ್ಮಿದರು. ಪ್ರಾಚಿ ಎದ್ದಳು.

"ಕಾಕಾಗ ಹೇಳಬ್ಯಾಡ, ಪ್ರಾಚಿ."

"ಇದನ್ನ ನಾನ ಹೇಳ್ಬೇಕು."

ಹೇಳಿದಳು. ರಮಾಕಾಂತರು ಬಂದು ಸೌರಭನ ಪಕ್ಕದಲ್ಲೇ ಕುಳಿತರು. "ಹಚ್ಚು, ಕೇಳೂಣು," ಎಂದರಷ್ಟೇ.

ಮೂರರಲ್ಲಿ ಒಂದರಲ್ಲೂ ಹಾಡು ಇರಲಿಲ್ಲ. ತಂಬೂರಿ ಶ್ರುತಿಗೆ ಬರುವ ಮೊದಲೇ ಕಡಿದುಹೋಗುತ್ತಿತ್ತು. ಕೊನೆಯದರಲ್ಲಿ ಕೆಮ್ಮು. ಆಮೇಲೆ ಅವ್ವ: "ಪ್ರಾಚಿ, ಕಿಡಕಿ ಹಾಕವಾ, ಥಂಡಿ ಬರ್ತದ... ಸೌರಭಗ ಇನ್ನಷ್ಟು ಚಹಾ ಕೊಡು. ಪಾಪ, ಮುಂಜಾನಿಂದ ಕೂತಾನ."

ಅಷ್ಟೇ.

ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಒಳಗೆ ಹೋದರು. ಪ್ರಾಚಿ ಕಿಟಕಿ ಹಾಕಿದಳು. ಹೊರಗೆ ಬಿಸಿಲಿತ್ತು.

"ಕೇಬಲ್ ತಗದು ಹೊಂಡ್ತೀನಿ," ಎಂದ ಸೌರಭ.

"ಮುಟ್ಟಬ್ಯಾಡ ಅದನ್ನ!" ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು; ತಿರುಗಲಿಲ್ಲ. "ಸಿಟ್ಟಿನಾಗೂ ನನಗ ನೀನ ಬೇಕಾಗಿದ್ದಿ... ಚಹಾ ಇಡ್ತೀನಿ. ಕೂಡು."

ಅವನು ಕೂತ.

"ಸಕ್ಕರಿ... ಒಂದ ಚಮಚ."

"ಗೊತ್ತದ."