ತಲೆ ಮುಟ್ಟಿಸಿದ ಆಣೆ

ಕೆನೆ ಸೀದ ವಾಸನೆ ಅಂಗಡಿಯವರೆಗೂ ಹರಡಿತು. ಕಿರಣಬಾಲಾ ಜಪ ಬಿಟ್ಟು ಓಡಿಬಂದಾಗ ಒಲೆಯ ಮುಂದೆ ಯಾರೂ ಇರಲಿಲ್ಲ. ಮಗ ನಿಖಿಲೇಶ್ ಮತ್ತೆ ಪಾಯಖಾನೆಗೆ ಓಡಿದ್ದ. ಬೆಳಗಿನಿಂದ ಒಂಬತ್ತನೇ ಸಲ! ಕೆನೆಯ ಮಿಠಾಯಿ ಸರಭಾಜಾ ಮಾಡುವುದರಲ್ಲಿ ಕೃಷ್ಣನಗರದಲ್ಲೇ ಅವನನ್ನು ಮೀರಿಸುವವರಿರಲಿಲ್ಲ. ಕುದಿಯುವ ಹಾಲಿಗೆ ಬೀಸಣಿಗೆ ಬೀಸುತ್ತ, ಪದರ ಪದರವಾಗಿ ಕೆನೆ ತೆಗೆಯಲು ಗಂಟೆಗಟ್ಟಲೆ ಅಲುಗಾಡದೆ ಕೂರಬೇಕು. ಈಗ ಹತ್ತು ನಿಮಿಷ ಕೂರುವುದೂ ಅವನಿಂದಾಗದು.

"ಹಾಲು ಹೋದ್ರೆ ಹೋಗ್ಲಿ ಬಿಡಿ ಮಾ," ಎಂದಳು ಹಿಂದೆಯೇ ಬಂದ ಸೊಸೆ ಶೇಫಾಲಿ, ಕಡಾಯಿ ಇಳಿಸುತ್ತ. "ಹೊಟ್ಟೆ ಪಕ್ಕ ಮಲಕ್ಕೆ ದಾರಿ ಮಾಡಿ ಚೀಲ ಹಾಕಿಸ್ಕೊಂಡ್ರೆ ಈ ಓಡಾಟ ನಿಲ್ಲುತ್ತೆ ಅಂತ ಡಾಕ್ಟ್ರು ನಿನ್ನೆನೂ ಹೇಳಿದ್ರು. ಇವರು ಬೇಡ ಅಂತಾರೆ. ಯಾಕೆ ಅಂತ ನಿಮಗೇ ಗೊತ್ತು."

ಗೊತ್ತಿತ್ತು... ಗೊತ್ತಿಲ್ಲದೆ ಏನು! ಎರಡು ವರ್ಷದ ಹಿಂದೆ ಕಲ್ಕತ್ತೆಯ ಆಸ್ಪತ್ರೆಯಲ್ಲಿ ಸರ್ಜನ್ ಬಿಡಿಸಿ ಹೇಳಿದ್ದರು. ಕ್ಯಾನ್ಸರ್ ಗಡ್ಡೆ ಗುದನಾಳದ ತೀರಾ ಕೆಳಗಿದೆ. ಗುದದ್ವಾರ ಸಮೇತ ತೆಗೆದರೆ ಜೀವನಪೂರ್ತಿ ಚೀಲ, ಆದರೆ ಬಾಳು ನೆಮ್ಮದಿ. ಅದನ್ನು ಉಳಿಸಿಕೊಂಡು ಕರುಳನ್ನು ಕೆಳಗೇ ಹೊಲಿದರೆ ಚೀಲವಿಲ್ಲ, ಆದರೆ ಮಲದ ಮೇಲೆ ಹಿಡಿತ ಉಳಿಯುವ ಭರವಸೆಯೂ ಇಲ್ಲ. ನಿಖಿಲೇಶ್ ಚೀಲಕ್ಕೆ ಒಪ್ಪುವುದರಲ್ಲಿದ್ದ. ಅಷ್ಟರಲ್ಲಿ ಕಿರಣಬಾಲಾ ಅವನ ಕೈಯನ್ನೆಳೆದು ತನ್ನ ತಲೆಯ ಮೇಲಿಟ್ಟುಕೊಂಡಿದ್ದಳು. "ಚೀಲ ಹಾಕಿಸ್ಕೊಂಡ್ರೆ ನನ್ನ ಹೆಣದ ಮುಖ ನೋಡ್ತೀಯ!"

ಅವನು ಚೀಲ ಬಿಟ್ಟು ಕೆಳಗೇ ಹೊಲಿಸಿಕೊಂಡಿದ್ದ. ನಿನ್ನ ಮಾನಕ್ಕಾಗಿ ಕಣೋ ಎಂದಿದ್ದಳು. ಶುದ್ಧ ಸುಳ್ಳು! ತಮ್ಮ ಮೋದಕ ಮನೆತನದ ಮಿಠಾಯಿಗೆ ಊರು ಮೂಗು ಮುರಿದೀತೆಂಬ ಭಯ ಅದು.

ನಿಖಿಲೇಶ್ ಗೋಡೆ ಹಿಡಿದು ಬಂದ. ಸೀದ ಹಾಲನ್ನು ಪಕ್ಕಕ್ಕೆ ಸರಿಸಿ ಬೇರೆ ಕಡಾಯಿಗೆ ಕೈ ಚಾಚಿದ. ಅವನು ಬೈದಿದ್ದರೆ ಅವಳ ಎದೆಯ ಭಾರ ಇಳಿಯುತ್ತಿತ್ತೇನೋ...

"ಖೋಕಾ, ಮಗಾ, ಆ ಆಣೆ ವಾಪಸ್ ತಗೊಂಡೆ. ಆಪರೇಷನ್ ಮಾಡಿಸ್ಕೋ."

"ಸುಮ್ನಿರು ಮಾ. ನಿನಗೇನಾದ್ರೂ ಆದ್ರೆ?"

"ನಂಗೇನೂ ಆಗಲ್ಲ ಕಣೋ! ಆದ್ರೂ ಆಗ್ಲಿ! ಅವತ್ತು ನಿನ್ನ ಮಾನ ನೋಡ್ಲಿಲ್ಲ ನಾನು. ಚೀಲ ಕಟ್ಕೊಂಡವನ ಕೈಯ ಮಿಠಾಯಿ ಯಾರು ತಿಂತಾರೆ ಅಂತ... ಅಂಗಡಿ ನೋಡ್ದೆ. ಹೆತ್ತ ಮಗನನ್ನ ನೋಡ್ಲಿಲ್ಲ!"

ನಿಖಿಲೇಶ್ ಮೆಟ್ಟಿಲ ಮೇಲೆ ಕೂತ. "ಎರಡು ವರ್ಷ ಮಾ... ಮಗಳನ್ನ ಒಂದು ದಿನ ಸ್ಕೂಲಿಗೆ ಬಿಡೋಕಾಗ್ಲಿಲ್ಲ. ದಾರೀಲೇ ಆಗ್ಬಿಟ್ರೆ ಅಂತ ಭಯ. ನೀನು ಸತ್ತೋಗ್ತೀಯ ಅಂತ ಎಲ್ಲಾ ನುಂಗ್ಕೊಂಡೆ. ಅಂಗಡಿಗೋಸ್ಕರ ಅಂತ ಅವತ್ತೇ ಹೇಳಬಾರದಿತ್ತಾ?"

ಅವಳು ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದಳು.

ಅವನು ಹೆಂಡತಿಯ ಕಡೆ ತಿರುಗಿದ. "ಶೇಫಾಲಿ, ಡಾಕ್ಟ್ರಿಗೆ ಫೋನ್ ಮಾಡು. ಬರ್ತೀವಿ ಅನ್ನು."

ಕಿರಣಬಾಲಾ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಆ ಚೀಲ ಬದಲಾಯಿಸೋದು, ಶುಚಿ ಮಾಡೋದು ನಾನು ಕಲೀತೀನಿ ಕಣೋ. ದಿನಾ ನಾನೇ ಮಾಡ್ತೀನಿ."

"ಬೇಡ ಮಾ," ಎಂದ ನಿಖಿಲೇಶ್, ದನಿಯೇರಿಸದೆ. "ನಿನ್ನ ಕೈಯಿಂದ ಬೇಡ."

ಅವಳು ತಲೆಯಾಡಿಸಿದಳು. ಮಗ ಒಪ್ಪಿದನಲ್ಲ, ಅಷ್ಟೇ ಸಾಕು ಎಂದುಕೊಳ್ಳುತ್ತ, ಫೋನಿಗೆ ಹೊರಟ ಸೊಸೆಗೆ ದಾರಿ ಬಿಟ್ಟು ನಿಂತಳು.