ಹೆಬ್ಬಾಳದ ಏರಿ ಮೇಲೆ ನಿಂತ ಕಾರು

ಹೆಬ್ಬಾಳ ಕೆರೆಯ ಏರಿ ಮೇಲೆ ಒಂದು ಕಾರು ನಿಂತಿತ್ತು. ಅದಕ್ಕೆ ಚೆಂಡುಹೂವಿನ ಹಾರ. ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ. ಒಳಗಿನಿಂದ ಬುಸುಬುಸು ಹಬೆ.

ಬಾಗಲಗುಂಟೆಯ ಸೊಣ್ಣಪ್ಪ ಪಕ್ಕದಲ್ಲೇ ತಲೆ ಮೇಲೆ ಕೈಹೊತ್ತು ಕೂತಿದ್ದ. ಕಾರು ಅವನದು. ಅವನದಾಗಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಯಶವಂತಪುರ ರೈಲ್ವೆ ಸ್ಟೇಷನ್ ಮುಂದೆ ಟ್ಯಾಕ್ಸಿ ಓಡಿಸುವ ಆಸೆಯಿಂದ, ತಣಿಸಂದ್ರದ ಮುನಿವೆಂಕಟಯ್ಯನ ಹತ್ತಿರ ಈ ಹಳೇ ಆಸ್ಟಿನ್ ಕಾರನ್ನು ಕೊಂಡಿದ್ದ. ಅದು ೧೯೫೮ನೇ ಇಸವಿ. ಹೊಸ ಕಾರು ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಹಳೆಯದಕ್ಕೇ ಜನ ಮುಗಿಬೀಳುತ್ತಿದ್ದ ಕಾಲ.

ಹೆಬ್ಬಾಳ ಔಟ್‌ಪೋಸ್ಟಿನ ಸಬ್ ಇನ್ಸ್‌ಪೆಕ್ಟರ್ ಚಿಕ್ಕಬೈರಪ್ಪ ಸೈಕಲ್ಲಿನಿಂದ ಇಳಿದ. ಒಂದು ದೊಡ್ಡ ಕೊಲೆ ಕೇಸು ಹಿಡಿಯಬೇಕೆಂದು ಅವನಿಗೆ ಬಹಳ ವರ್ಷಗಳ ಆಸೆ. ಬರುತ್ತಿದ್ದುದೆಲ್ಲ ದ್ರಾಕ್ಷಿ ತೋಟದ ಕಳ್ಳತನ, ತಪ್ಪಿಸಿಕೊಂಡ ಎಮ್ಮೆ. ಆದರೆ ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿದವನು. ಬಾನೆಟ್ ಎತ್ತಿದವನೇ ಹುಬ್ಬೇರಿಸಿದ.

"ಫ್ಯಾನ್ ಬೆಲ್ಟ್ ಎಲ್ರೀ?"

"ಅಂದ್ರೆ ಏನ್ ಸಾರ್?"

"ಎಂಜಿನ್‌ಗೂ ಫ್ಯಾನ್‌ಗೂ ಸುತ್ತಿರೋ ರಬ್ಬರ್ ಪಟ್ಟಿ. ಅದಿಲ್ದೆ ಇದ್ರೆ ಫ್ಯಾನ್ ತಿರುಗಲ್ಲ. ಫ್ಯಾನ್ ತಿರುಗ್ದೆ ಇದ್ರೆ ನೀರು ಕುದಿಯುತ್ತೆ. ಇನ್ನು ಸ್ವಲ್ಪ ದೂರ ಓಡ್ಸಿದ್ರೆ ಎಂಜಿನ್ನೇ ಹಿಡ್ಕೊಂಡ್ಬಿಡ್ತಿತ್ತು. ಮುಂದೆ ಕೆಂಪು ದೀಪ ಹತ್ತಿಲ್ವಾ?"

"ಹತ್ತಿತ್ತು ಸಾರ್. ದೀಪ ಅಲ್ವಾ, ಶುಭ ಅಂದ್ಕೊಂಡೆ."

ಚಿಕ್ಕಬೈರಪ್ಪ ಬೈಯದೆ ಬಾನೆಟ್ ಮುಚ್ಚಿದ.

ಸೊಣ್ಣಪ್ಪ ಎದ್ದು ನಿಂತ. "ಗೊತ್ತಾಯ್ತು ಸಾರ್. ಇದು ಯಶವಂತಪುರದ ನೂರುಲ್ಲಾನ ಕೆಲ್ಸ. ನಿನ್ನೆ ಬೆಳಿಗ್ಗೆ ಅವ್ನೇ ಬಂದು ಕಾರು ನೋಡ್ದ. ಕಣ್ಮುಚ್ಕೊಂಡು ತಗೊಳ್ಳಿ ಅಂದ. ಬೆಲ್ಟು ಸೀಮೇದು, ಈಗ ದುಡ್ಡು ಕೊಟ್ರೂ ಸಿಗಲ್ಲ ಅಂತ ಹೇಳಿದ್ದೂ ಅವ್ನೇ. ಬಾಯಲ್ಲಿ ನೀರು ಬಂದಿರ್ಬೇಕು."

ಕಾರನ್ನು ವಾಪಸ್ ಎಳೆದುಕೊಂಡು ಹೋಗುವಂತೆ ತಣಿಸಂದ್ರಕ್ಕೆ ಹೇಳಿಕಳಿಸಿ, ಚಿಕ್ಕಬೈರಪ್ಪ ಸೊಣ್ಣಪ್ಪನನ್ನು ಕರೆದುಕೊಂಡು ಯಶವಂತಪುರಕ್ಕೆ ಹೊರಟ.

* * *

ಜಟಕಾದಿಂದ ಇಳಿದದ್ದೇ ಸೊಣ್ಣಪ್ಪ ಸರ್ಕಲ್ಲಿನ ನಡುವೆ ನಿಂತು ಬಾಯಿ ಮಾಡಿದ. ನೂರುಲ್ಲಾ ಕಳ್ಳ. ಕಾರು ಚೆನ್ನಾಗಿದೆ ಅಂತ ಹೇಳಿ, ಬೆಲ್ಟು ಕಿತ್ಕೊಂಡು ಹೋದ. ಚಿಕ್ಕಬೈರಪ್ಪ ತೋಳು ಹಿಡಿದು ಎಳೆಯುವಷ್ಟರಲ್ಲಿ ಅರ್ಧ ಪೇಟೆ ಕೇಳಿಸಿಕೊಂಡಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಸೊಣ್ಣಪ್ಪ ಕೋಪದ ಕೈಗೆ ಬುದ್ಧಿ ಕೊಟ್ಟಿದ್ದ.

ನೂರುಲ್ಲಾನಿಗೆ ಇದು ಸಣ್ಣ ಪೆಟ್ಟಲ್ಲ. ಯಲಹಂಕದಿಂದ ಯಶವಂತಪುರದವರೆಗೆ ಯಾರು ಹಳೇ ಕಾರು ಕೊಂಡರೂ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನು ತಲೆಯಾಡಿಸಿದರೆ ವ್ಯಾಪಾರ. ತಲೆ ಕೆರೆದುಕೊಂಡರೆ ಎಲ್ಲರೂ ವಾಪಸ್. ಸುದ್ದಿ ಅವನ ಗ್ಯಾರೇಜನ್ನು ಪೊಲೀಸರಿಗಿಂತ ಮುಂಚೆ ಮುಟ್ಟಿತ್ತು. ಕೂತಿದ್ದ ಇಬ್ಬರು ಗಿರಾಕಿಗಳು ಎದ್ದು ಹೋಗಿದ್ದರು. ಅವನು ತಗಡಿನ ಬಾಗಿಲಿಗೆ ಬೀಗ ಹಾಕುತ್ತಿದ್ದ.

"ಯಾಕ್ರೀ ಬೀಗ?"

"ಜನ ಬರ್ತಿದ್ದಿದ್ದು ನನ್ ಮಾತು ನಂಬ್ಕೊಂಡು ಸಾರ್. ಮಾತೇ ಹೋದ್ಮೇಲೆ ಸ್ಪ್ಯಾನರ್ ಇಟ್ಕೊಂಡು ಏನ್ ಮಾಡ್ಲಿ?"

"ಬೀಗ ಆಮೇಲೆ ಹಾಕಿ. ನಿನ್ನೆ ಏನೇನು ನೋಡಿದ್ರಿ, ಒಂದೂ ಬಿಡದೆ ಹೇಳಿ."

ನೂರುಲ್ಲಾ ಕೈ ಒರೆಸಿಕೊಂಡು ಶುರುಮಾಡಿದ. ಕೆಲಸದ ಮಾತು ಬಂದದ್ದೇ ಅವನ ದನಿ ಗಟ್ಟಿಯಾಯಿತು.

"ಬೆಳಕು ಹರಿಯೋಕೆ ಮುಂಚೆ, ಹೇಳ್ದೆ ಕೇಳ್ದೆ ಹೋದ್ವಿ. ಹೇಳಿ ಹೋದ್ರೆ ಎಂಜಿನ್ ಕಾಯ್ಸಿ ಇಟ್ಟಿರ್ತಾರೆ. ಬಿಸಿ ಎಂಜಿನ್ ರೋಗ ಮುಚ್ಚಿಡುತ್ತೆ. ಮುಟ್ಟಿ ನೋಡ್ದೆ, ತಣ್ಣಗಿತ್ತು. ಹ್ಯಾಂಡಲ್ ಹೊಡೆದಿದ್ದಕ್ಕೆ ತಕ್ಷಣ ಸ್ಟಾರ್ಟ್ ಆಯ್ತು. ಹೊಗೆ ನೀಲಿ ಇಲ್ಲ, ಅಂದ್ರೆ ಎಣ್ಣೆ ಸುಡ್ತಿಲ್ಲ. ಬಗ್ಗಿ ನೆಲ ನೋಡ್ದೆ, ಒಂದು ತೊಟ್ಟು ಸೋರಿಲ್ಲ."

"ಗೇರ್‌ಬಾಕ್ಸ್?"

"ಕೆಲವರು ಸದ್ದು ಅಡಗ್ಸೋಕೆ ಅದಕ್ಕೆ ಮರದ ಹೊಟ್ಟು ತುಂಬ್ತಾರೆ ಸಾರ್. ಎಣ್ಣೆ ತೆಗೆದು ಬೆರಳಲ್ಲಿ ತಿಕ್ಕಿ ನೋಡ್ದೆ, ಶುದ್ಧವಾಗಿತ್ತು. ಮಡ್‌ಗಾರ್ಡ್ ತಟ್ಟಿ ನೋಡ್ದೆ, ಪುಟ್ಟಿ ಮೆತ್ತಿಲ್ಲ. ನಾಲ್ಕು ಟೈರೂ ಸಮವಾಗಿ ಸವೆದಿವೆ. ಕೊನೇಲಿ ಬಾನೆಟ್ ಎತ್ತಿ ಬೆಲ್ಟ್ ಒತ್ತಿ ನೋಡ್ದೆ. ಬಿಗಿಯಾಗಿತ್ತು."

"ಆಗ ಯಾರ್ಯಾರಿದ್ರು?"

"ಸೊಣ್ಣಪ್ಪನೋರು, ಮುನಿವೆಂಕಟಯ್ಯನೋರು. ಅವರ ತಾಯಿ ಮಾರಕ್ಕ ಜಗಲಿ ಮೇಲೆ ಕೂತಿದ್ರು. ಬ್ರೋಕರ್ ಪಿಳ್ಳಣ್ಣನೂ ಬಂದಿದ್ದ. ಅವ್ನನ್ನ ಬಿಟ್ಟು ವ್ಯಾಪಾರ ಆಯ್ತು ಅಂತ ಮುಖ ಊದಿಸ್ಕೊಂಡಿದ್ದ."

ಬೀಗ ಕೈಯಲ್ಲಿ ಹಿಡಿದುಕೊಂಡೇ ನೂರುಲ್ಲಾ ಜೊತೆಗೆ ಹೊರಟ.

* * *

ಪಿಳ್ಳಣ್ಣ ಎದುರಿನ ಟೀ ಅಂಗಡಿಯಲ್ಲೇ ಸಿಕ್ಕಿದ.

"ನಿನ್ನೆ ಸಾಯಂಕಾಲ ಇನ್ನೊಂದ್ಸಲ ತಣಿಸಂದ್ರಕ್ಕೆ ಹೋಗಿದ್ಯಂತೆ?" ಚಿಕ್ಕಬೈರಪ್ಪ ಸುಮ್ಮನೆ ಒಂದು ಕಲ್ಲು ಬೀಸಿ ನೋಡಿದ.

ಕಲ್ಲು ತಗಲಿತು. "ಹೋಗಿದ್ದೆ ಸಾರ್, ಸುಳ್ಳು ಯಾಕ್ ಹೇಳ್ಲಿ. ಇನ್ನೂ ಒಳ್ಳೇ ಗಿರಾಕಿ ತರ್ತೀನಿ ಅಂತ ಹೇಳೋಕೆ. ಮಾತು ಕೊಟ್ಟಾಯ್ತು ಅಂದ್ರು. ಎದ್ದು ಬಂದೆ."

"ಹೊಟ್ಟೆಕಿಚ್ಚಿಗೆ ಬೆಲ್ಟ್ ಕಿತ್ಕೊಂಡ್ ಬಂದ್ಯಾ?"

"ಕಾರು ಕೆಡಿಸ್ಬೇಕು ಅಂದಿದ್ರೆ ಪೆಟ್ರೋಲ್ ಟ್ಯಾಂಕಿಗೆ ಒಂದು ಹಿಡಿ ಮಣ್ಣು ಹಾಕ್ತಿದ್ದೆ. ಬೆಲ್ಟ್ ತಗೊಂಡು ನಾನೇನು ಉಡದಾರ ಮಾಡ್ಕೊಳ್ಳಾ?"

ಟೀ ಅಂಗಡಿಯವರೆಲ್ಲ ನಕ್ಕರು. ಚಿಕ್ಕಬೈರಪ್ಪ ನಗಲಿಲ್ಲ. ಟೀ ಲೋಟ ಹಿಡಿದುಕೊಂಡು, ಉಡದಾರ, ಉಡದಾರ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಲೋಟ ಕೆಳಗಿಟ್ಟು, "ನಡೀರಿ ತಣಿಸಂದ್ರಕ್ಕೆ" ಎಂದ.

* * *

ಮುನಿವೆಂಕಟಯ್ಯ ತನ್ನ ಎತ್ತುಗಳನ್ನು ಕಟ್ಟಿ ಕಾರನ್ನು ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದ್ದ. ಊರಿನ ಜನವೆಲ್ಲ ಆ ಮೆರವಣಿಗೆ ನೋಡಿ ಸಂತೋಷಪಟ್ಟಿತ್ತು. ಅವನು ಮಾತ್ರ ಅವಮಾನದಿಂದ ತಲೆ ತಗ್ಗಿಸಿ ನಿಂತಿದ್ದ. "ಕೆಟ್ಟ ಗಾಡಿ ಕೊಟ್ಟೆ ಅನ್ನಿಸ್ಕೊಂಡ್ನಲ್ಲ ಸ್ವಾಮಿ," ಎಂದ.

ಚಿಕ್ಕಬೈರಪ್ಪ ಬಾನೆಟ್ ಎತ್ತಿ ಒಳಗೆ ಬಗ್ಗಿದ. ಈ ಸಲ ಅವಸರ ಮಾಡಲಿಲ್ಲ.

"ನೂರುಲ್ಲಾ ಸಾಬ್ರೇ, ಬೆಲ್ಟು ಹಾಳಾಗ್ದಂಗೆ ಬಿಚ್ಬೇಕು ಅಂದ್ರೆ ಹೇಗೆ?"

"ಡೈನಮೋದು ಈ ಬೋಲ್ಟ್ ಸಡಿಲ ಮಾಡ್ಬೇಕು ಸಾರ್."

ಬೋಲ್ಟಿನ ಮೇಲೆ ಗ್ರೀಸು, ಧೂಳು ಸೇರಿ ಹಳೇ ಹೆಪ್ಪು ಕಟ್ಟಿತ್ತು. ಅದು ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. ದಾರಿಯಲ್ಲಿ ಹರಿದು ಹೋಗಿದ್ದರೆ ರಬ್ಬರಿನ ಚೂರು, ನೂಲು ಸಿಕ್ಕಿಕೊಂಡಿರಬೇಕಿತ್ತು. ಅದೂ ಇಲ್ಲ. ಆದರೆ ಡೈನಮೋದ ಗಾಲಿಯ ಮೇಲೆ ಒಂದು ಹಳದಿ ಕಲೆ ಇತ್ತು. ಚಿಕ್ಕಬೈರಪ್ಪ ಬೆರಳಿಗೆ ತಗೊಂಡು ಮೂಸಿದ. ಅರಿಶಿನ.

"ಬೆಳಿಗ್ಗೆ ಪೂಜೆ ಮಾಡಿದ್ಯಾರು?"

"ಈ ಊರ ಪೂಜಾರಪ್ಪ," ಎಂದ ಸೊಣ್ಣಪ್ಪ. "ಹೊರಗಡೆ ಮಾತ್ರ ಸಾರ್. ಬಾನೆಟ್ ಎತ್ತಿಲ್ಲ."

ಚಿಕ್ಕಬೈರಪ್ಪ ಬಾನೆಟ್ ಮುಚ್ಚಿದ. ಮುನಿವೆಂಕಟಯ್ಯನ ಕಡೆ ತಿರುಗಿ, ಕಾರಿಗೆ ಸಂಬಂಧವೇ ಇಲ್ಲದ ಮಾತು ಕೇಳಿದ. "ಎತ್ತು ಚೆನ್ನಾಗಿವೆ. ನಿಮ್ಮ ಕೊಟ್ಟಿಗೆ ನೋಡ್ಬೋದಾ?"

ಎಲ್ಲರೂ ಮುಖ ಮುಖ ನೋಡಿಕೊಂಡು ಹಿಂದೆ ಹೋದರು. ಕೊಟ್ಟಿಗೆಯ ಗೋಡೆಯುದ್ದಕ್ಕೂ ಮರದ ಗೂಟಗಳು. ಒಂದೊಂದು ಗೂಟಕ್ಕೂ ಒಂದೊಂದು ಹಳೇ ಹಗ್ಗ, ಮೂಗುದಾರ. ಎಲ್ಲಕ್ಕೂ ಒಣಗಿದ ಅರಿಶಿನ ಕುಂಕುಮ. ಕೊನೆಯ ಗೂಟದಲ್ಲಿ ಕಪ್ಪಗೆ ಏನೋ ಜೋತಾಡುತ್ತಿತ್ತು. ಅದರ ಕುಂಕುಮ ಇನ್ನೂ ಹೊಸದು. ಫ್ಯಾನ್ ಬೆಲ್ಟು. ಒಂದು ಕಡೆ ಕುಯ್ದು, ತುದಿಗಳಿಗೆ ಅಚ್ಚುಕಟ್ಟಾಗಿ ದಾರ ಕಟ್ಟಿತ್ತು.

ಮಾರಕ್ಕ ಹುಲ್ಲು ಹಾಕುತ್ತಿದ್ದವಳು ನೆಟ್ಟಗೆ ನಿಂತಳು.

"ಅಜ್ಜಿ, ಇದ್ಯಾವ ಎತ್ತಿಂದು?"

"ಅದು ಎತ್ತಿಂದಲ್ಲ ಕಣಪ್ಪ. ಕಾರಿಂದು," ಎಂದಳು ಮಾರಕ್ಕ. ಮುಖದಲ್ಲಿ ಕಳ್ಳತನದ ಗಂಧವೂ ಇರಲಿಲ್ಲ.

* * *

"ಅಮ್ಮಾ, ಏನ್ ಮಾಡ್ಬಿಟ್ಟೆ?" ಮುನಿವೆಂಕಟಯ್ಯ ಗೋಡೆಗೆ ಒರಗಿದ.

"ಎತ್ತು ಮಾರುದ್ರೂ ಅದ್ರ ಅಗ್ಗ, ಮೂಗುದಾರ ಮಾರ್ಬಾರ್ದು. ಅಗ್ಗ ಓದ್ರೆ ಕೊಟ್ಟಿಗೆ ಲಕ್ಷ್ಮಿ ಇಂದೆನೇ ಓಯ್ತಾಳೆ. ನಮ್ಮತ್ತೆ ಯೋಳಿದ್ದು. ಈ ಮನೇಲಿ ಒಬ್ರೂ ತಪ್ಪಿಲ್ಲ. ಕಾರಿಗೆ ಅಗ್ಗ ಎಲ್ಲೈತೆ ಅಂತ ನಂಗೂ ಗೊತ್ತಿರ್ಲಿಲ್ಲ. ನೆನ್ನೆ ಈ ಸಾಬಣ್ಣ ಬಂದ್ನಲ್ಲ. ಕಾಲು ನೋಡ್ದ. ಒಟ್ಟೆ ಕೆಳ್ಗೆ ಬಗ್ಗಿ ನೋಡ್ದ. ಉಸ್ರು ನೋಡ್ದ. ನಮ್ಮ ಮಾವ ಜಾತ್ರೇಲಿ ಎತ್ತು ನೋಡ್ತಿದ್ದಂಗೇ. ಕೊನೀಗೆ ಮೂತಿ ತಾವ ಕೈ ಆಕಿ ಅದನ್ನ ಇಡ್ದು ನೋಡ್ದ. ಓ, ಮೂಗುದಾರ ಇದೇಯ ಅಂದ್ಕೊಂಡೆ. ಇವತ್ತು ಕೋಳಿ ಕೂಗೋ ಒತ್ಗೆ ಪೂಜೆ ಮಾಡಿ ಕುಡ್ಲಲ್ಲಿ ಕುಯ್ದೆ."

"ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

"ಕೇಳುದ್ರೆ ನೀನು ಬ್ಯಾಡ ಅಂತಿದ್ದೆ."

"ಅದಿಲ್ದೆ ಕಾರು ಓಡಲ್ಲಮ್ಮ."

"ಮೂಗುದಾರ ಬಿಚ್ಚುದ್ರೆ ಎತ್ತು ನಡ್ಯಕಿಲ್ವ?"

ಸೊಣ್ಣಪ್ಪ ಮೆಲ್ಲಗೆ ಕೇಳಿದ. "ನಿಮ್ಗೆ ಹೆಂಗ್ ಗೊತ್ತಾಯ್ತು ಸಾರ್?"

"ಮೆಕ್ಯಾನಿಕ್ ಕದ್ದಿದ್ರೆ ಬೋಲ್ಟ್ ಸಡಿಲ ಮಾಡಿ ಇಡೀ ಬೆಲ್ಟ್ ತಗೋತಿದ್ದ. ಬೋಲ್ಟ್ ಯಾರೂ ಮುಟ್ಟಿಲ್ಲ. ಅಂದ್ರೆ ಕುಯ್ದಿದಾರೆ. ಕುಯ್ದ ಬೆಲ್ಟನ್ನ ಮಾರೋಕಾಗಲ್ಲ, ಹಾಗಾಗಿ ದುಡ್ಡಿಗೆ ಕದ್ದೋರಲ್ಲ. ಕೆಡಿಸೋ ಉದ್ದೇಶ ಆಗಿದ್ರೆ ಕುಯ್ದು ಅಲ್ಲೇ ಬಿಟ್ಟು ಹೋಗ್ತಿದ್ರು, ತಾನಾಗೇ ಹರೀತು ಅಂತ ಎಲ್ರೂ ಅಂದ್ಕೋತಿದ್ರು. ಕೆಡ್ಸೋನು ಅರಿಶಿನ ಹಚ್ಚೋದೂ ಇಲ್ಲ. ಪಿಳ್ಳಣ್ಣ ಉಡದಾರದ ಮಾತಾಡ್ದಾಗ ನಂಗೆ ಹೊಳೀತು. ಇದನ್ನ ಬೆಲ್ಟ್ ಅಂತ ತಗೊಂಡಿಲ್ಲ, ಬೇರೆ ಏನೋ ಅಂತ ಮರ್ಯಾದೆಯಿಂದ ತಗೊಂಡಿದಾರೆ. ಅರಿಶಿನ ನೋಡಿದ್ಮೇಲೆ ನಮ್ಮಮ್ಮನ ನೆನಪಾಯ್ತು. ನಮ್ಮನೆ ಕೊಟ್ಟಿಗೇಲೂ ಇಂಥದ್ದೇ ಗೂಟಗಳಿವೆ."

"ಇದ್ರಲ್ಲಿ ತಪ್ಪೇನೈತೆ?" ಎಂದಳು ಮಾರಕ್ಕ.

"ತಪ್ಪು ನಿಮ್ದಲ್ಲ ಅಜ್ಜಿ. ಆದ್ರೆ ಯಶವಂತಪುರ ಸರ್ಕಲ್ಲಲ್ಲಿ ನೂರುಲ್ಲಾ ಸಾಬ್ರಿಗೆ ಕಳ್ಳ ಅಂತ ಹೆಸರು ಬಂದಿದೆ. ಗ್ಯಾರೇಜಿಗೆ ಬೀಗ ಹಾಕೋಕೆ ಹೊರಟಿದಾರೆ."

ಮುದುಕಿಯ ಮುಖ ಇಳಿಯಿತು. ನೂರುಲ್ಲಾನ ಕೈಯಲ್ಲಿದ್ದ ಬೀಗವನ್ನು ನೋಡಿದಳು. ಕೈಯಲ್ಲಿದ್ದ ಹುಲ್ಲು ಕೆಳಗೆ ಹಾಕಿ ಸೆರಗು ಸಿಕ್ಕಿಸಿದಳು.

"ಎಲ್ಲಿ ಅಂದ್ರೋ ಅಲ್ಲಿಗೇ ಕರ್ಕೊಂಡ್ ನಡೀರಿ."

ಹೋಗುವುದು ಹೇಗೆ? ಬೆಲ್ಟಿನ ಜಾಗಕ್ಕೆ ಸದ್ಯಕ್ಕೆ ಒಂದು ಹಗ್ಗವಾದರೂ ಸುತ್ತಬೇಕು ಎಂದ ನೂರುಲ್ಲಾ. ಗೂಟದಲ್ಲಿದ್ದ ಹಗ್ಗಗಳನ್ನು ಮಾರಕ್ಕ ಮುಟ್ಟಗೊಡಲಿಲ್ಲ. ಹೊಸ ಹಗ್ಗ ತರುವುದು ಕೊಂಡವನ ಕೆಲಸ, ಅದೂ ಪದ್ಧತಿಯೇ ಎಂದಳು. ಸೊಣ್ಣಪ್ಪ ಅಂಗಡಿಗೆ ಓಡಿ ಹೊಸ ಹಗ್ಗ ತಂದ. ನೂರುಲ್ಲಾ ಅದನ್ನು ಎಂಜಿನ್, ಫ್ಯಾನಿನ ಗಾಲಿಗಳಿಗೆ ಸುತ್ತಿ ಬಿಗಿದು, ರೇಡಿಯೇಟರಿಗೆ ನೀರು ತುಂಬಿ, ತಾನೇ ಸ್ಟೀರಿಂಗ್ ಹಿಡಿದ. ದಾರಿಯಲ್ಲಿ ಎರಡು ಸಲ ಇಳಿದು ಹಗ್ಗ ಬಿಗಿ ಮಾಡಬೇಕಾಯಿತು. ಕಾರು ಹೆಬ್ಬಾಳದ ಏರಿಯನ್ನು ತಣ್ಣಗೆ ದಾಟಿತು.

* * *

ಯಶವಂತಪುರ ಸರ್ಕಲ್ಲಿನಲ್ಲಿ ಮಾರಕ್ಕ ಇಳಿದು, ಸೊಣ್ಣಪ್ಪ ನಿಂತಿದ್ದ ಜಾಗದಲ್ಲೇ ನಿಂತಳು. ಜನ ಸೇರಲು ಹೊತ್ತಾಗಲಿಲ್ಲ.

"ಕಾರಿನ ಮೂಗುದಾರ ಕುಯ್ದೋಳು ನಾನು, ತಣಿಸಂದ್ರದ ಮಾರಕ್ಕ. ಈ ಸಾಬಣ್ಣ ಏನೂ ಮುಟ್ಟಿಲ್ಲ. ಅವ್ನು ನೋಡಿದ್ದೆಲ್ಲಾ ಸರ್ಯಾಗೇ ನೋಡವ್ನೆ."

ಸೊಣ್ಣಪ್ಪ ಮುಂದೆ ಬಂದ. ಬೆಳಿಗ್ಗೆ ಕೂಗಿದಷ್ಟೇ ಜೋರಾಗಿ, "ನಂದು ತಪ್ಪಾಯ್ತು. ನೂರುಲ್ಲಾ ಸಾಬ್ರು ಹೇಳಿದ್ದು ನಿಜ. ಕಾರು ಚೆನ್ನಾಗಿದೆ," ಎಂದು ಕೈಮುಗಿದ.

ನೂರುಲ್ಲಾ ಅವನ ಕೈ ಹಿಡಿದುಕೊಂಡ. ಕಣ್ಣು ಒರೆಸಿಕೊಂಡು ಹೋಗಿ ಗ್ಯಾರೇಜಿನ ಬಾಗಿಲು ತೆಗೆದ. ಚಿಕ್ಕಬೈರಪ್ಪನಿಗೆ ಕೊಲೆ ಕೇಸು ಸಿಗದ ಬೇಜಾರು ಆ ದಿನ ಒಂದಿಷ್ಟೂ ಇರಲಿಲ್ಲ.

ಬೆಳಿಗ್ಗೆ ಎದ್ದು ಹೋಗಿದ್ದ ಗಿರಾಕಿಯೊಬ್ಬ ಸಂಕೋಚದಿಂದ ಬಾಗಿಲ ಹತ್ತಿರ ಬಂದು ನಿಂತ.

"ಸಾಬ್ರೇ, ಯಲಹಂಕದ ಹತ್ರ ಒಂದು ಹಳೇ ಕಾರು ಬಂದಿದೆ. ನೀವು ನೋಡಿ ಹೂಂ ಅಂದ್ರೆ ತಗೋತೀನಿ."

"ಬರ್ತೀನಿ," ಎಂದ ನೂರುಲ್ಲಾ. "ಮೊದ್ಲು ಇದು ಹೇಳಿ. ಮಾರೋರ ಮನೇಲಿ ಎತ್ತು ಇದಾವಾ?"